ಇಂಗ್ಲಿಷರೆಂಬ ಹೆಸರು: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಸಾಕ್ಷ್ಯ

ಕೊಡೆ ಹಿಡಿದವರು ಕೆಲವರೂ ಹಿಡಿಯದವರು ಹಲವರೂ ಕೂಡಿ ದಾರಿಯಲ್ಲಿ ನಡೆಯುತ್ತಿರುವಾಗ ದೂರದಿಂದ ನೋಡಿದವನು ‘ಕೊಡೆಯವರು ಹೋಗುತ್ತಿದ್ದಾರೆ’ ಎನ್ನುವುದುಂಟು. ಶಾಸ್ತ್ರಕಾರರು ಇದನ್ನು ಛತ್ರಿನ್ಯಾಯವೆಂದು ಕರೆದು, ಇಲ್ಲಿ ಛತ್ರಿಶಬ್ದವು ತನ್ನ ಅರ್ಥವನ್ನು ಬಿಡದೆಯೇ ಕೊಡೆಯಿಲ್ಲದವರನ್ನೂ ಒಳಕೊಳ್ಳುವುದರಿಂದ ಇದು ಅಜಹಲ್ಲಕ್ಷಣೆಗೆ ಉದಾಹರಣೆಯೆಂದು ನಿರ್ಣಯಿಸಿದ್ದಾರೆ. ಕನ್ನಡದಲ್ಲಿ ‘ಇಂಗ್ಲಿಷರು’ ಎಂಬ ಶಬ್ದದ ಪ್ರಯೋಗವೂ ಇದೇ ಜಾತಿಯದು. ಟಿಪ್ಪುಸುಲ್ತಾನನ ಮೇಲೆ ದಂಡೆತ್ತಿ ಬಂದವರು, ಮೈಸೂರು ಸೀಮೆಯನ್ನು ಅಳೆದವರು, ಐವತ್ತು ವರ್ಷ ಕಮಿಷನರಿಯ ಮೂಲಕ ಆಳಿದವರು, ಕಲ್ಲಿನ ಶಾಸನಗಳನ್ನು ಓದಿ ಅಚ್ಚು ಹಾಕಿಸಿದವರು, ಕಾವೇರಿಯ ಧಾರೆಯಿಂದ ವಿದ್ಯುತ್ತನ್ನು ತೆಗೆದವರು ಇವರೆಲ್ಲರೂ ಸ್ಥಳೀಯ ಚರಿತ್ರೆಗಳಲ್ಲಿ ಒಂದೇ ಹೆಸರಿನಿಂದ ನಿರ್ದಿಷ್ಟರಾಗಿದ್ದಾರೆ. ದಾರಿಹೋಕನಿಗೆ ಅಷ್ಟು ಸಾಕು. ಚರಿತ್ರೆಯನ್ನು ಬರೆಯುವವನೂ ಸಾಹಿತ್ಯವನ್ನು ಪಾಠ ಹೇಳುವವನೂ ಹತ್ತಿರ ಹೋಗಿ, ಕೊಡೆ ಯಾರ ಕೈಯಲ್ಲಿದೆ, ಯಾರ ಕೈಯಲ್ಲಿಲ್ಲ ಎಂಬುದನ್ನು ನೋಡಬೇಕಾಗುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಎಲ್ಲೆಯೊಳಗೆ ದೊರೆಯುವ ಸಾಕ್ಷ್ಯವೇ ಈ ಪರೀಕ್ಷೆಗೆ ಬಹುಮಟ್ಟಿಗೆ ಸಾಲುತ್ತದೆ.

ಹೊರನಾಡಿನವರಿಗೆ ಹೀಗೆ ಒಂದೇ ಹೆಸರಿಡುವುದು ಹೊಸತಲ್ಲ. ಸಂಸ್ಕೃತದ ‘ಯವನ’ ಶಬ್ದವು ಮೊದಲು ಅಯೋನಿಯ ಎಂಬ ಗ್ರೀಕ್ ಸೀಮೆಯವರಿಗೆ ಸಂದದ್ದು. ಕಾಲಕ್ರಮದಲ್ಲಿ ಪಶ್ಚಿಮದಿಂದ ಬಂದ ಯಾರಿಗಾದರೂ ಸಂದಿತು. ‘ಪರಂಗಿ’ ಎಂಬುದು ಫ್ರಾಂಕರೆಂಬ ಒಂದು ಜರ್ಮನಿಕ್ ಕುಲದ ಹೆಸರು. ಅರಬ್ಬಿ ಪಾರಸಿಗಳ ದಾರಿಯಿಂದ ಕನ್ನಡಕ್ಕೆ ಬಂದು ಐರೋಪ್ಯರಿಗೆಲ್ಲ ಅನ್ವಯಿಸಿದ್ದಲ್ಲದೆ, ಪೋರ್ಚುಗೀಸರು ಅಮೆರಿಕದಿಂದ ತಂದ ಒಂದು ಹಣ್ಣಿಗೂ ಅಂಟಿಕೊಂಡಿತು. ‘ಕುಂಪಣಿ’ಯೆಂಬ ಮಾತಂತೂ ವರ್ತಕರ ಸಂಘವನ್ನು ಬಿಟ್ಟು ರಾಜ್ಯಾಧಿಕಾರವನ್ನೇ ಹೇಳತೊಡಗಿತು. ಹೆಸರಿಟ್ಟವರ ಮೇಲೆ ತಪ್ಪು ಹೊರಿಸಲು ಕಾರಣವಿಲ್ಲ. ಎದುರು ಪಕ್ಷದವರೂ ಮಳವಳ್ಳಿಯನ್ನು ‘ಮಲ್ಲವೆಲ್ಲಿ’ ಎಂದು ಬರೆದುಕೊಂಡರು. ಅವರ ಯುದ್ಧಚರಿತ್ರೆಗಳಲ್ಲಿ ಆ ಊರು ಈಗಲೂ ಹಾಗೆಯೇ ಉಳಿದಿದೆ.

ಆ ಯುದ್ಧದಿಂದಲೇ ವಿಚಾರವನ್ನು ಆರಂಭಿಸಬಹುದು. ಕ್ರಿ.ಶ. ೧೭೯೯ನೆಯ ಇಸವಿ ಮಾರ್ಚಿ ೨೭ರಂದು ಜನರಲ್ ಹ್ಯಾರಿಸನ ಸೈನ್ಯವು ಕಾನಕಾನಹಳ್ಳಿಯ ಮಾರ್ಗವಾಗಿ ಬಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯವನ್ನು ಸಂಧಿಸಿತು. ಹೈದರನು ಮಗನಿಗೆ ಜಹಗೀರಾಗಿ ಕೊಟ್ಟಿದ್ದ ಊರು ಅದು. ಅಲ್ಲಿ ದೊಡ್ಡದೊಂದು ಹಣ್ಣಿನ ತೋಟವನ್ನೂ ಹಾಕಿಸಿದ್ದನು. ಸುಲ್ತಾನನು ಆ ದಿನ ಹಿಮ್ಮೆಟ್ಟಿದನು. ಬಳಿಕ ಊರು ಶತ್ರುಗಳಿಗೆ ಉಪಯೋಗವಾಗಬಾರದೆಂದು ಅದನ್ನು ಹಾಳುಗೆಡವಿಸಿದನು. ಹ್ಯಾರಿಸನು ನೇರವಾದ ದಾರಿಯನ್ನು ಬಿಟ್ಟು ಸೋಸಲೆಯ ಬಳಿ ಕಾವೇರಿಯನ್ನು ದಾಟಿದನು. ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಇಷ್ಟು ಸರ್ವವಿದಿತವಾದದ್ದು.

ಇನ್ನು ಆ ‘ಇಂಗ್ಲಿಷ್ ಸೈನ್ಯ’ದ ಒಳಗನ್ನು ನೋಡಿದರೆ ಛತ್ರಿನ್ಯಾಯವು ಪ್ರತ್ಯಕ್ಷವಾಗುತ್ತದೆ. ಮೊದಲನೆಯದಾಗಿ, ಅದರಲ್ಲಿ ಐರೋಪ್ಯರೇ ಅಲ್ಪಸಂಖ್ಯರು. ಹೆಚ್ಚಿನವರು ಮದರಾಸಿನ ಸಿಪಾಯಿಗಳೂ ನಿಜಾಮನ ಕಡೆಯವರೂ ಆಗಿದ್ದರು. ಐರೋಪ್ಯರಲ್ಲಿ ಸೇನಾಪತಿ ಹ್ಯಾರಿಸನು ಇಂಗ್ಲೆಂಡಿನ ಪಾದ್ರಿಯೊಬ್ಬನ ಮಗ. ಇವನು ನಿಜವಾಗಿ ಕೊಡೆ ಹಿಡಿದವನು. ಒಂದು ದಳವನ್ನು ನಡೆಸಿದ ಡೇವಿಡ್ ಬೇರ್ಡನು ಸ್ಕಾಟ್ಲೆಂಡಿನವನು. ೧೭೮೦ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕಿ ೧೭೮೪ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದವನು. ಅವನ ದಳದಲ್ಲಿದ್ದ ೭೪ನೆಯ ರೆಜಿಮೆಂಟು ಸ್ಕಾಟ್ಲೆಂಡಿನ ಮಲೆನಾಡಿಗರ ಪಡೆ. ‘ಸ್ಕಾಚ್ ಬ್ರಿಗೇಡ್’ ಎಂಬ ಇನ್ನೊಂದು ಪಡೆಯ ಪೂರ್ವಜರು ಸುಮಾರು ಇನ್ನೂರು ವರ್ಷ ಹಾಲೆಂಡಿನ ಸಂಬಳ ತಿಂದವರು. ನಿಜಾಮನ ಸೇನೆಯ ಮೇಲ್ವಿಚಾರಣೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯು, ಅವನ ಅಣ್ಣನಾದ ಗವರ್ನರ್ ಜನರಲನಂತೆಯೇ, ಐರ್ಲೆಂಡಿನಲ್ಲಿ ನೆಲೆಸಿದ್ದ ಆಂಗ್ಲವಂಶದಲ್ಲಿ ಹುಟ್ಟಿದವನು. ಮುಂದೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸೇರಿದ ದ ಮ್ಯೂರಾನನ ರೆಜಿಮೆಂಟಂತೂ ಸ್ವಿಸರದು. ಕೆಲವು ವರ್ಷ ಮೊದಲು ಸಿಂಹಳದಲ್ಲಿ ಡಚ್ಚರ ಊಳಿಗವನ್ನು ಬಿಟ್ಟು ಈ ಕಡೆಗೆ ಬಂದದ್ದು. ಅದರವರ ಗೋರಿಗಳು ಶ್ರೀರಂಗಪಟ್ಟಣದ ಕಾವೇರಿ ದಡದ ಸ್ಮಶಾನದಲ್ಲಿವೆ. ಇವರೆಲ್ಲರನ್ನೂ ‘ಇಂಗ್ಲಿಷರು’ ಎಂದದ್ದು ಮಲ್ಲಗ್ರಾಮನ್ಯಾಯದಿಂದಲೂ ಸಾಧುವಾಗದು. ಆ ನ್ಯಾಯಕ್ಕೆ ಊರಿನಲ್ಲಿ ಮಲ್ಲರೇ ಹೆಚ್ಚಾಗಿರಬೇಕು.

ಈ ವೈವಿಧ್ಯಕ್ಕೆ ಕಾರಣವನ್ನು ಆ ದ್ವೀಪಗಳ ಚರಿತ್ರೆಯಲ್ಲಿ ಹುಡುಕಬೇಕು. ಗ್ರೇಟ್ ಬ್ರಿಟನ್ ಎಂಬ ರಾಜ್ಯವು ಏರ್ಪಟ್ಟದ್ದು ೧೭೦೭ರಲ್ಲಿ, ಇಂಗ್ಲೆಂಡು ಸ್ಕಾಟ್ಲೆಂಡುಗಳ ಪಾರ್ಲಿಮೆಂಟುಗಳು ಒಂದಾದಾಗ. ಮಳವಳ್ಳಿಯ ಕಾಳಗದ ದಿನ ಅದಕ್ಕೆ ತೊಂಬತ್ತೆರಡು ವರ್ಷ ಮಾತ್ರ. ಐರ್ಲೆಂಡು ಆಗ ಅದರೊಡನೆ ಕೂಡಿರಲಿಲ್ಲ. ೧೮೦೧ರಲ್ಲಿ ಕೂಡಿತು, ೧೯೨೨ರಲ್ಲಿ ಅದರ ಬಹುಭಾಗವು ಬೇರೆಯಾಯಿತು. ಅಂದರೆ ಕಾವೇರಿಯ ದಡದಲ್ಲಿ ಒಂದೇ ಜನಾಂಗವಾಗಿ ತೋರಿದವರು ಸ್ವದೇಶದಲ್ಲಿ ಹಾಗೆ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಪದರಗಳು ಹೆಚ್ಚುತ್ತವೆ. ಬ್ರಿಟನ್ ಎಂಬ ಹೆಸರು ಕೆಲ್ಟಿಕ್ ಭಾಷೆಗಳನ್ನಾಡುತ್ತಿದ್ದ ಪ್ರಾಚೀನರದು. ಕ್ರಿ.ಶ. ೪೩ರಲ್ಲಿ ರೋಮನರು ಅವರ ದೇಶವನ್ನು ಹಿಡಿಯಲಾರಂಭಿಸಿದರು. ಸುಮಾರು ೪೧೦ರ ಹೊತ್ತಿಗೆ ಬಿಟ್ಟುಹೋದರು. ಅನಂತರ ಸಮುದ್ರದಾಚೆಯಿಂದ ಆಂಗ್ಲರು, ಸ್ಯಾಕ್ಸನರು, ಜ್ಯೂಟರು ಎಂಬ ಜರ್ಮನಿಕ್ ಕುಲದವರು ಬಂದು ನೆಲೆಸಿದರು. ಇವರಲ್ಲಿ ಮೊದಲನೆಯವರ ಹೆಸರೇ ದೇಶಕ್ಕೂ ಭಾಷೆಗೂ ನಿಂತಿತು. ಹೊಸಬರು ಮೂಲನಿವಾಸಿಗಳಲ್ಲಿ ಪಶ್ಚಿಮಕ್ಕೆ ಸರಿದವರನ್ನು ‘ವೆಲ್ಷ್’ ಎಂದು ಕರೆದರು. ತಮ್ಮ ಭಾಷೆಯಲ್ಲಿ ಆ ಮಾತಿನ ಮೂಲಕ್ಕೆ ‘ಪರಕೀಯ’ ಎಂದು ಅರ್ಥ! ಮನೆಯವನನ್ನು ಅತಿಥಿಯು ಪರಸ್ಥಳದವನೆಂದು ಕರೆದಂತಾಯಿತು. ಅವರು ಮಾತ್ರ ತಮ್ಮನ್ನು ‘ಕಮ್ರಿ’, ಎಂದರೆ ‘ಒಂದೇ ನಾಡಿನವರು’ ಎಂದುಕೊಳ್ಳುತ್ತಾರೆ. ಜನರು ಹೋದರೂ ಹೊಳೆಗಳ ಹೆಸರುಗಳು ಹೋಗಲಿಲ್ಲ. ಷೇಕ್ಸ್‌ಪಿಯರ್ ಮಹಾಕವಿಯ ಊರು ಇರುವ ‘ಏವನ್’ ನದಿಯ ಹೆಸರಿಗೆ ಹಳೆಯ ಬ್ರಿಟನ್ನರ ಭಾಷೆಯಲ್ಲಿ ‘ಹೊಳೆ’ ಎಂದಷ್ಟೇ ಅರ್ಥ. ಬಂದವರು ಅರ್ಥವರಿಯದೆ ಅದನ್ನು ಅಂಕಿತನಾಮವೆಂದು ಭಾವಿಸಿ ‘ಹೊಳೆ ಹೊಳೆ’ ಎಂದು ಕರೆಯುತ್ತ ಬಂದಿದ್ದಾರೆ.

ಎಂಟನೆಯ ಶತಮಾನದ ಕೊನೆಯಿಂದ ಉತ್ತರದ ನಾವಿಕರು ನುಗ್ಗಿದರು. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದರು. ಸುಮಾರು ಮೂರು ಶತಮಾನಗಳ ಕಾಲ ಅರಮನೆಯ ಮಾತು ಫ್ರೆಂಚು, ಪಾಠಶಾಲೆಯ ಮಾತು ಲ್ಯಾಟಿನ್, ಹೊಲಮನೆಗಳ ಮಾತು ಇಂಗ್ಲಿಷು. ನ್ಯಾಯಸ್ಥಾನದಲ್ಲಿ ಇಂಗ್ಲಿಷಿನಲ್ಲಿ ವಾದಿಸಬಹುದೆಂಬ ಶಾಸನವಾದದ್ದು ೧೩೬೨ರಲ್ಲಿ. ಕೋರ್ಟು, ಜಡ್ಜಿ, ಜೂರಿ, ಜೈಲು ಎಂಬ ಮಾತುಗಳನ್ನು ಕನ್ನಡಿಗರು ಇಂಗ್ಲಿಷರಿಂದ ಪಡೆದರು, ನಿಜ. ಆದರೆ ಇಂಗ್ಲಿಷರು ಅವನ್ನು ತಮ್ಮನ್ನಾಳಿದ ಫ್ರೆಂಚು ಮಾತಿನವರಿಂದ ಪಡೆದಿದ್ದರು. ಅಮಲ್ದಾರ, ಶಿರಸ್ತೆದಾರ, ತಾಲ್ಲೂಕು, ಕಚೇರಿಗಳು ಕನ್ನಡಕ್ಕೆ ಬಂದ ರೀತಿಯೂ ಇದೇ. ಆಳುವವರು ಬದಲಾಗುತ್ತಾರೆ, ದಫ್ತರದ ಮಾತು ಉಳಿಯುತ್ತದೆ. ಇಂಗ್ಲಿಷನ್ನು ಅಭೇದ್ಯವೂ ಸ್ವಯಂಪೂರ್ಣವೂ ಆದ ಭಾಷೆಯೆಂದು ಭಾವಿಸಿ ಕನ್ನಡದ ಮಿಶ್ರಣವನ್ನು ಕಂಡು ನಾಚುವ ವಿದ್ಯಾರ್ಥಿಗಳಿಗೆ ಉಪಾಧ್ಯಾಯರು ಇದನ್ನು ಮೊದಲ ಪಾಠದಲ್ಲಿಯೇ ಹೇಳತಕ್ಕದ್ದು.

ಸ್ಕಾಟ್ಲೆಂಡಿನ ಮಲೆನಾಡಿನ ಸಂಗತಿಯನ್ನು ಮಾತ್ರ ಸ್ವಲ್ಪ ವಿಸ್ತರಿಸಬೇಕು. ಅದಕ್ಕೂ ಕಾವೇರೀತೀರಕ್ಕೂ ಸಂಬಂಧ ಹೆಚ್ಚು. ಅಲ್ಲಿಯ ಜನರು ಗೇಲಿಕ್ ಎಂಬ ಕೆಲ್ಟಿಕ್ ಭಾಷೆಯನ್ನಾಡುತ್ತ, ಕುಲಕ್ಕೊಬ್ಬ ನಾಯಕನಂತೆ ಬಾಳುತ್ತಿದ್ದರು. ಈ ಸೀಮೆಯ ಪಾಳೆಯಗಾರರ ವ್ಯವಸ್ಥೆಯನ್ನು ಬಲ್ಲವರಿಗೆ ಅದರ ಸ್ವರೂಪವನ್ನು ಊಹಿಸುವುದು ಕಷ್ಟವಲ್ಲ. ೧೭೪೬ರಲ್ಲಿ ಕಲೋಡನ್ ಎಂಬಲ್ಲಿ ಅವರಲ್ಲಿ ದಂಗೆಯೆದ್ದವರು ಸೋತರು. ಕೂಡಲೇ ಮಲೆನಾಡಿಗರು ಆಯುಧ ಧರಿಸಕೂಡದೆಂದೂ ಕುಲದ ಉಡುಪನ್ನು ಉಡಕೂಡದೆಂದೂ ಲಂಡನ್ನಿನಲ್ಲಿ ಶಾಸನವಾಯಿತು. ಉಡುಪಿನ ನಿಷೇಧವು ರದ್ದಾದದ್ದು ೧೭೮೨ರಲ್ಲಿ. ಈ ನಡುವೆ ಆ ಉಡುಪನ್ನು ನಿರ್ಭಯವಾಗಿ ತೊಡಬೇಕಾದರೆ ಒಂದೇ ಉಪಾಯವಿತ್ತು: ರಾಜನ ಸೈನ್ಯಕ್ಕೆ ಸೇರುವುದು. ಹೀಗೆ ಸೇರಿದವರ ಮಕ್ಕಳು ಮೊಮ್ಮಕ್ಕಳು ಮಳವಳ್ಳಿಯ ಬಯಲಿಗೆ ಬಂದರು. ತಮ್ಮ ತಂದೆತಾತಂದಿರ ಕೈಯಿಂದ ಕತ್ತಿಯನ್ನು ಕಿತ್ತುಕೊಂಡ ಪ್ರಭುತ್ವಕ್ಕಾಗಿ ಪರದೇಶದವರ ಕತ್ತಿಯನ್ನು ಕಿತ್ತುಕೊಂಡರು. ಪೆಟ್ಟು ತಿಂದವನು ಪೆಟ್ಟು ತಿನ್ನುವವನ ಮೇಲೆ ಕನಿಕರಪಡುವನೆಂಬ ನಂಬಿಕೆಗೆ ಚರಿತ್ರೆಯು ಆಧಾರ ಕೊಡುವುದು ಅಪರೂಪ.

ಯುದ್ಧವು ಮುಗಿದ ಮೇಲೆ ಬಂದವರು ಬೇರೊಂದು ಬಗೆಯವರು. ಕಾಲಿನ್ ಮೆಕೆಂಜಿಯು ಮುತ್ತಿಗೆಯಲ್ಲಿ ಎಂಜಿನಿಯರಾಗಿದ್ದು, ಅನಂತರ ಸುಮಾರು ಹತ್ತು ವರ್ಷ ಮೈಸೂರು ಸೀಮೆಯ ಭೂಮಾಪನವನ್ನು ನಡೆಸಿದನು. ಹುಟ್ಟಿದ್ದು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳಲ್ಲಿ ಒಂದಾದ ಲೂಯಿಸಿನಲ್ಲಿ. ಆ ದ್ವೀಪದ ಜನರ ಮಾತು ಗೇಲಿಕ್. ಊರುಗಳ ಹೆಸರು ಬಹುಮಟ್ಟಿಗೆ ಉತ್ತರದ ನಾವಿಕರು ಬಿಟ್ಟುಹೋದದ್ದು. ಸರ್ಕಾರದ ಕಾಗದವೆಲ್ಲ ಇಂಗ್ಲಿಷು. ಬಾಯಿಮಾತಿನ ಪರಂಪರೆಯೊಂದು, ಬರೆಹದ ಅಧಿಕಾರವೊಂದು ಎಂಬ ಭೇದವು ಅಲ್ಲಿ ಹುಟ್ಟಿದವನಿಗೆ ಅಪರಿಚಿತವಲ್ಲ. ಅವನ ಬಾಲ್ಯದಲ್ಲಿಯೇ ಮ್ಯಾಕ್‌ಫರ್ಸನ್ ಎಂಬವನು ಪ್ರಕಟಿಸಿದ ಆಸಿಯನ್ ಕವಿಯ ಗೇಲಿಕ್ ಕಾವ್ಯಗಳು ಸಾಚವೋ ಕೃತ್ರಿಮವೋ ಎಂದು ದೇಶವೆಲ್ಲ ವಾದಿಸುತ್ತಿತ್ತು. ಮೆಕೆಂಜಿಯು ಅಳತೆಯ ಸರಪಣಿಯೊಡನೆ ಊರೂರಿನ ಕೈಫಿಯತ್ತುಗಳನ್ನೂ, ಓಲೆಗರಿಗಳನ್ನೂ, ಶಾಸನಗಳ ಪ್ರತಿಗಳನ್ನೂ ಕೂಡಿಸಿದನು. ಈ ದೇಶದ ಭಾಷೆಗಳು ಅವನಿಗೆ ಸ್ವಾಧೀನವಾಗಿರಲಿಲ್ಲ. ಕೆಲಸ ನಡೆದದ್ದು ಕಾವಲಿ ವೆಂಕಟ ಬೋರಯ್ಯನಿಂದ. ೧೮೦೩ರಲ್ಲಿ ಅವನು ತೀರಿಹೋದ ಮೇಲೆ ತಮ್ಮನಾದ ಲಕ್ಷ್ಮಯ್ಯನಿಂದ. ಹಳಗನ್ನಡ ಶಾಸನಗಳ ಮಟ್ಟಿಗೆ ಮಲೆಯೂರಿನ ಜೈನಪಂಡಿತ ಧರ್ಮಯ್ಯನಿಂದ. ಕೊಡೆಯ ನೆರಳಿನಲ್ಲಿ ನಡೆದ ಈ ಮಹನೀಯರ ಹೆಸರು ‘ಮೆಕೆಂಜಿ ಸಂಗ್ರಹ’ ಎಂಬ ಹೆಸರಿನೊಳಗೆ ಅಡಗಿಹೋಗಿದೆ.

ಇದೇ ಕಾಲದಲ್ಲಿ, ೧೮೦೦ರಲ್ಲಿ, ಗವರ್ನರ್ ಜನರಲನ ಅಪ್ಪಣೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನನು ಮದ್ದೂರು ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದನು. ಇವನೂ ಸ್ಕಾಟ್ಲೆಂಡಿನವನೇ, ಎಡಿನ್‌ಬರೋ ವಿದ್ಯಾಪೀಠದಲ್ಲಿ ವೈದ್ಯವನ್ನೂ ಸಸ್ಯಶಾಸ್ತ್ರವನ್ನೂ ಕಲಿತವನು. ಆ ವಿದ್ಯಾಪೀಠವು ಆಗ ವೈದ್ಯವಿದ್ಯೆಗೆ ಯೂರೋಪಿನಲ್ಲೆಲ್ಲ ಪ್ರಸಿದ್ಧವಾಗಿತ್ತು. ಮಣ್ಣು ಯಾವುದು, ನೀರು ಎಲ್ಲಿಂದ, ರಾಗಿಯನ್ನು ಯಾವಾಗ ಬಿತ್ತುತ್ತಾರೆ, ಗೇಣಿ ಎಷ್ಟು, ಯಾವ ಕುಲದವರ ಆಚಾರವೇನು ಎಂದು ರೋಗಿಯನ್ನು ಕೇಳುವ ಕ್ರಮದಲ್ಲಿ ಊರನ್ನು ಕೇಳಿ ಬರೆದುಕೊಂಡನು. ಅವನ ಮೂರು ಸಂಪುಟಗಳು ೧೮೦೭ರಲ್ಲಿ ಲಂಡನ್ನಿನಲ್ಲಿ ಅಚ್ಚಾದುವು. ಆದಾಯದ ದೃಷ್ಟಿಯು ಆ ಪ್ರಶ್ನೆಗಳ ಹಿಂದೆ ಇದ್ದೇ ಇದೆ. ಆದರೆ ಆ ಕಾಲದ ಬೇಸಾಯಗಾರನ ಬಾಳನ್ನು ಅಷ್ಟು ವಿವರವಾಗಿ ಬರೆದ ಸ್ವದೇಶೀಯ ಗ್ರಂಥವೊಂದು ಇಲ್ಲದಿರುವುದರಿಂದ ಅದನ್ನು ಬಿಡುವಂತೆಯೂ ಇಲ್ಲ.

ಮದ್ದೂರಿನಲ್ಲಿ ಈ ಜನರ ಎರಡು ಕೈಕೆಲಸಗಳು ಹತ್ತಿರ ಹತ್ತಿರವಾಗಿವೆ: ಒಂದು ಕೆಡಹಿದ್ದು, ಒಂದು ಕಟ್ಟಿದ್ದು. ಹೈದರನು ಪುನಃ ಕಟ್ಟಿಸಿದ್ದ ಅಲ್ಲಿಯ ಕೋಟೆಯನ್ನು ೧೭೯೧ರಲ್ಲಿ ಕಾರ್ನ್‌ವಾಲೀಸನು ಕೆಡಹಿಸಿದನು. ಹತ್ತು ವರ್ಷ ಮೊದಲು ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗತನಾಗಿದ್ದ ಸೇನಾಪತಿಯೇ ಇವನು. ೧೮೫೦ರಲ್ಲಿ ಬೆಂಗಳೂರು ಮೈಸೂರು ರಸ್ತೆಗಾಗಿ ಅಲ್ಲಿಯೇ ಶಿಂಷಾನದಿಗೆ ಏಳು ಕಮಾನುಗಳ ಇಟ್ಟಿಗೆಯ ಸೇತುವೆಯಾಯಿತು. ಆಗ ಕಮಿಷನರಾಗಿದ್ದವನು ಮಾರ್ಕ್ ಕಬ್ಬನ್. ೧೮೩೪ರಿಂದ ೧೮೬೧ರವರೆಗೆ ಮೈಸೂರು ದೇಶವನ್ನು ನಡೆಸಿದ ಇವನನ್ನು ಇಂಗ್ಲಿಷನೆನ್ನುವುದು ಸಾಮಾನ್ಯ ವಾಡಿಕೆ. ಅವನು ಮ್ಯಾನ್ ಎಂಬ ಸಣ್ಣ ದ್ವೀಪದವನು. ಅದು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಇದ್ದು, ತನ್ನದೇ ಪ್ರಾಚೀನ ಸಭೆಯನ್ನೂ ‘ಮ್ಯಾಂಕ್ಸ್’ ಎಂಬ ತನ್ನದೇ ಕೆಲ್ಟಿಕ್ ನುಡಿಯನ್ನೂ ಉಳ್ಳದ್ದು. ಇಂಗ್ಲಿಷಿನ ಒತ್ತಿನಿಂದ ಆ ನುಡಿಯು ಕ್ಷೀಣಿಸಿ, ಅದನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ಪುರುಷನು ೧೯೭೪ರಲ್ಲಿ ಕಾಲವಶನಾದನು. ಬಳಿಕ ಅಭಿಮಾನಿಗಳು ಅದನ್ನು ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ಮತ್ತೆ ಎಬ್ಬಿಸಿದ್ದಾರೆ. ಇಂಗ್ಲಿಷು ಭಾಷೆಯಿಂದ ದೇಶಭಾಷೆಗಳಿಗೆ ಆದ ಬಾಧೆಯನ್ನು ಹೇಳುವವರು ಕನ್ನಡವನ್ನು ಮೊದಲ ಉದಾಹರಣೆಯಾಗಿ ಕೊಡುತ್ತಾರೆ. ಮೊದಲ ಉದಾಹರಣೆಗಳು ಆ ದ್ವೀಪಗಳಲ್ಲಿಯೇ ಇವೆ.

ಶಾಸನಗಳ ವಿಷಯಕ್ಕೆ ಬಂದರೆ, ಮಂಡ್ಯ ಮಳವಳ್ಳಿ ತಾಲ್ಲೂಕುಗಳ ಶಾಸನಗಳು ‘ಎಪಿಗ್ರಾಫಿಯ ಕರ್ಣಾಟಿಕ’ದ ಮೂರನೆಯ ಸಂಪುಟವಾಗಿ ೧೮೯೪ರಲ್ಲಿ ಹೊರಬಂದುವು, ಮದ್ದೂರಿನವೂ ಆಗ ಮಂಡ್ಯದಲ್ಲಿ ಸೇರಿದ್ದುವು. ಸಂಪಾದಕರಾದ ಬಿ. ಎಲ್. ರೈಸ್ ಮಹಾಶಯರು ವಂಶದಿಂದ ಇಂಗ್ಲಿಷರಾದರೂ ಹುಟ್ಟಿದ್ದು ೧೮೩೭ರಲ್ಲಿ ಬೆಂಗಳೂರಿನಲ್ಲಿ. ಅದೇ ೧೮೯೪ರಲ್ಲಿ ಪ್ರಕಟವಾದ ಕನ್ನಡ ನಿಘಂಟಿನ ಕರ್ತೃ ಕಿಟ್ಟೆಲ್ ಮಹಾಶಯರನ್ನು ಕೂಡ ಕೆಲವರು ಇಂಗ್ಲಿಷ್ ಪಾದ್ರಿಯೆಂದು ಹೇಳುತ್ತಾರೆ. ಅವರು ಜರ್ಮನರು, ಅವರ ನಿಘಂಟಿನಲ್ಲಿ ಇಂಗ್ಲಿಷೂ ಪರಭಾಷೆಯೇ.

ಶಬ್ದವೊಂದನ್ನು ತಪ್ಪಾಗಿ ತಿಳಿದರೆ ಮನುಷ್ಯನಿಗೆ ಎಂಥ ಅನ್ಯಾಯವಾಗುವುದೆಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರು ಶಾಸನವೇ ನಿದರ್ಶನ. ಶಕ ೮೭೨ರ ಈ ಕಲ್ಲು ಮಣಲೆರನ ನಾಯಿ ‘ಕಾಳಿ’ಯು ಹಂದಿಯೊಡನೆ ಹೋರಾಡಿ ಸತ್ತದ್ದನ್ನು ಹೇಳಿ ಪ್ರಸಿದ್ಧವಾಗಿದೆ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಯೂ ಅದರಲ್ಲಿದೆ. ಅಲ್ಲಿ ಬರುವ ‘ಬಿಸುಗೆ’ ಎಂಬ ಶಬ್ದದ ಅರ್ಥವು ಮೊದಲು ಓದಿದ ಪಾಶ್ಚಾತ್ಯ ವಿದ್ವಾಂಸರಿಗೆ ಹತ್ತಲಿಲ್ಲ. ಬೂತುಗನು ನಂಬಿಸಿ ಇರಿದನೆಂಬ ಅಭಿಪ್ರಾಯವು ಹಬ್ಬಿತು. ಬಿಸುಗೆಯೆಂದರೆ ಆನೆಯ ಮೇಲಣ ಅಂಬಾರಿ. ಅಂಬಾರಿಯನ್ನೇ ರಣರಂಗವಾಗಿ ಮಾಡಿಕೊಂಡು ಹೋರಾಡಿದನೆಂಬುದು ಶಾಸನದ ತಾತ್ಪರ್ಯ. ರಾಜಾದಿತ್ಯನು ಆನೆಯ ಮೇಲೆ ಮಡಿದನೆಂದು ಚೋಳರ ಲೈಡನ್ ತಾಮ್ರಶಾಸನವೂ ಹೇಳುತ್ತದೆ. ಮುಂದೆ ಅರ್ಥವು ತಿದ್ದಲ್ಪಟ್ಟಿತು. ವೀರನ ಮೇಲಿನ ಕಲಂಕವು ತೊಲಗಿತು. ಪ್ರಮಾಣವು ಸಿಕ್ಕಾಗ ಮುದ್ರಿತವಾದ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಈ ಪದ್ಧತಿಯು ಆ ವಿದ್ವತ್ಸಮಾಜದಿಂದ ಗ್ರಹಿಸತಕ್ಕ ಗುಣಗಳಲ್ಲಿ ಮುಖ್ಯವಾದದ್ದು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹೆಸರಿನ ಗೊಂದಲವು ತುದಿಮುಟ್ಟುತ್ತದೆ. ೧೯೦೨ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ತೊಂಬತ್ತೆರಡು ಮೈಲಿಗಳ ದೂರ ವಿದ್ಯುತ್ತು ಹರಿಯಿತು. ಏಷ್ಯಾಖಂಡದಲ್ಲಿ ಅಷ್ಟು ದೂರ ವಿದ್ಯುತ್ತನ್ನು ಒಯ್ದ ಮೊದಲ ಕಾರ್ಯಗಳಲ್ಲಿ ಅದೊಂದು. ವಿದ್ಯುದಾಗಾರವಿರುವ ಸ್ಥಳಕ್ಕೆ ‘ಬ್ಲಫ್’ ಎಂಬ ಹೆಸರು ನಿಂತಿದೆ. ಕಡಿದಾದ ದಿಣ್ಣೆಯೆಂಬ ಅದರ ಅರ್ಥವನ್ನು ಸುತ್ತಲಿನ ಹಳ್ಳಿಗರು ಯೋಚಿಸುವುದಿಲ್ಲ, ಏವನ್ ದಡದವರು ಯೋಚಿಸದಂತೆಯೇ. ಇದು ಇಂಗ್ಲಿಷರು ತಂದ ಕರೆಂಟು ಎಂದು ಹಳಬರು ಹೇಳುತ್ತಿದ್ದುದುಂಟು. ಯೋಜನೆಗೆ ಬೆಂಬಲವಾಗಿ ನಿಂತ ದಿವಾನರು ಸರ್ ಕೆ. ಶೇಷಾದ್ರಿ ಅಯ್ಯರವರು, ಅದನ್ನು ರೂಪಿಸಿದ ಜಾಲಿ ದ ಲಾಟ್‌ಬಿನಿಯೇರ್ ಎಂಬ ಎಂಜಿನಿಯರನು ಬ್ರಿಟಿಷ್ ಸೈನ್ಯದ ಅಧಿಕಾರಿಯಾದರೂ ಕೆನಡಾದ ಕ್ವಿಬೆಕ್ ಪ್ರಾಂತದ ಫ್ರೆಂಚ್ ಮನೆತನದವನು, ಆ ಪ್ರಾಂತದ ಪ್ರಧಾನಿಯಾಗಿದ್ದವನ ಮಗ, ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಇಂಗ್ಲಿಷರ ಪಾಲು ಮುಖ್ಯವಾಗಿ ಅತ್ತ ಚಿನ್ನವನ್ನು ತೆಗೆಯುವ ಕಡೆಯಲ್ಲಿತ್ತು. ಮಂಡ್ಯದಲ್ಲಿ ಕಬ್ಬಿನ ಬೇಸಾಯಕ್ಕೂ ೧೯೩೩ರಲ್ಲಿ ಸ್ಥಾಪಿತವಾದ ಸಕ್ಕರೆ ಕಂಪನಿಗೂ ದುಡಿದ ಲೆಸ್ಲಿ ಕೋಲ್ಮನ್ನರು ಕೂಡ ಕೆನಡಾದವರು. ವೈಸರಾಯ್ ಇರ್ವಿನ್ನನ ಹೆಸರನ್ನು ಹೊತ್ತಿದ್ದ ನಾಲೆಯು ಬಳಿಕ 'ವಿಶ್ವೇಶ್ವರಯ್ಯ ನಾಲೆ'ಯಾಯಿತು.

ಸಾಹಿತ್ಯದ ಉಪಾಧ್ಯಾಯರಿಗೆ ಈ ವಿವೇಚನೆಯು ಹೆಚ್ಚು ಅವಶ್ಯವಾದದ್ದು. ಇಂಗ್ಲಿಷ್ ಸಾಹಿತ್ಯವೆಂದು ಪಾಠ ಹೇಳುವುದರಲ್ಲಿ ಬರ್ನ್ಸನೂ ಸ್ಕಾಟನೂ ಸ್ಕಾಟ್ಲೆಂಡಿನವರು. ಸ್ವಿಫ್ಟ್, ಗೋಲ್ಡ್‌ಸ್ಮಿತ್, ಯೇಟ್ಸ್, ಷಾ ಇವರು ಐರ್ಲೆಂಡಿನವರು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದವರಾದ ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಎಂಬ ಗ್ರಂಥದ ಹೆಸರಿನಲ್ಲಿಯೂ ಇಂಗ್ಲಿಷ್ ಶಬ್ದವು ಅಜಹಲ್ಲಕ್ಷಣೆಯಿಂದಲೇ ನಿಂತಿದೆ. ಅದರಲ್ಲಿ ಕನ್ನಡಿಗರು ಬಹುವಾಗಿ ಮೆಚ್ಚಿದ ‘ಕಾರಿಹೆಗ್ಗಡೆಯ ಮಗಳು’ ಎಂಬುದರ ಮೂಲವು ಗ್ಲಾಸ್ಗೋ ನಗರದ ತಾಮಸ್ ಕ್ಯಾಂಬೆಲನದು. ಕಥೆಯು ಸ್ಕಾಟ್ಲೆಂಡಿನ ಮಲೆನಾಡಿನದು. ನಾಯಕನು ಅಲ್ವಾ ಎಂಬ ದ್ವೀಪದ ಒಡೆಯ. ಆ ದ್ವೀಪವೂ ಮೆಕೆಂಜಿಯ ಲೂಯಿಸಿನಂತೆ ಹೆಬ್ರಿಡೀಸಿನಲ್ಲಿಯೇ ಸೇರಿದ್ದು. ಮೂಲದಲ್ಲಿ ಹುಡುಗಿಯ ತಂದೆಗೆ ಇರುವ ‘ಲಾರ್ಡ್’ ಎಂಬ ಬಿರುದು ಇಂಗ್ಲಿಷರ ಶಬ್ದ. ಆ ಸ್ಥಾನದಲ್ಲಿ ಕನ್ನಡ ಕವಿಯು ‘ಹೆಗ್ಗಡೆ’ ಎಂದಿಟ್ಟರು. ಊರನ್ನೂ ಕುಲವನ್ನೂ ಕಾಯುವ ಹಿರಿಯನೆಂಬ ಅರ್ಥವುಳ್ಳ ಈ ಮಾತು ಗೇಲಿಕ್ ಜನರ ಕುಲನಾಯಕನಿಗೆ ಮೂಲದ ಬಿರುದಿಗಿಂತ ಹತ್ತಿರವಾಗಿದೆ.